ಕರೆಂಟ್ ಹೋದಾಗ ರಂದಾ ಮಷಿನ್ ಸ್ವಿಚ್ ಯಾರು ಆಫ್ ಮಾಡಬೇಕು?

ಕಲಬುರಗಿಯಲ್ಲಿ ನಾವು ನಾಲ್ಕು ಜನ ಸೇರಿ ಒಂದು ಶೆಡ್ ಹಿಡಿದಿದ್ದೇವೆ. ಬಾಡಿಗೆ, ಬಿಲ್ಲು, ಮಷಿನ್ ಎಲ್ಲಾ ಪಾಲಿನಲ್ಲಿ. ದಿನಾ ಎಲ್ಲರ ಕೈಯೂ ಬೀಳುವುದು ಜಾಯಿಂಟರ್ ಮೇಲೆ. ನಾವು ಅದಕ್ಕೆ ಸುಮ್ನೆ ರಂದಾ ಮಷಿನ್ ಅಂತೇವೆ. ಎರಡು ಟೇಬಲ್, ನಡುವೆ ಬ್ಲೇಡ್ ಕೂರಿಸಿದ ಉರುಳೆ. ಸೊಟ್ಟ ಹಲಗೆಯನ್ನು ಸಪಾಟು ಮಾಡುತ್ತದೆ, ಅಷ್ಟೇ. ಆದರೆ ಆ ಉರುಳೆ ನಿಮಿಷಕ್ಕೆ 5,000 ಸುತ್ತು ತಿರುಗಿದರೆ ಮೂರು ಬ್ಲೇಡಿಗೆ 15,000 ಏಟು ಆಯಿತಲ್ವಾ? ಗರಗಸಕ್ಕೆ ಸಿಕ್ಕ ಬೆರಳನ್ನು ಡಾಕ್ಟರು ಕೆಲವೊಮ್ಮೆ ಜೋಡಿಸುತ್ತಾರೆ. ಇದು ಹೊಟ್ಟು ಮಾಡುತ್ತದೆ, ಜೋಡಿಸಲು ಏನೂ ಉಳಿಯುವುದಿಲ್ಲ.

ಕಳೆದ ಏಪ್ರಿಲ್‌ನಲ್ಲಿ ನಾನು ಹಲಗೆ ತಳ್ಳುತ್ತಿರುವಾಗಲೇ ಕರೆಂಟ್ ಹೋಯಿತು. ಬಿಸಿಲಿಗೆ ತಗಡಿನ ಶೆಡ್ಡು ಕಾದು ಒಲೆಯಾಗಿತ್ತು, ಎಲ್ಲರೂ ಹೊರಗೆ ಬೇವಿನ ನೆರಳಿಗೆ ಬಂದು ಚಹಾ ಕುಡಿದೆವು. ನಾನು ಸ್ವಿಚ್ ಆಫ್ ಮಾಡಿರಲಿಲ್ಲ. ಅರ್ಧ ಗಂಟೆ ಬಿಟ್ಟು ಗೆಳೆಯ ಒಳಗೆ ಹೋಗಿ ಬ್ಲೇಡಿನ ಸುತ್ತ ಕೂತಿದ್ದ ಹೊಟ್ಟನ್ನು ಕೈಯಿಂದ ಸರಿಸುತ್ತಿದ್ದ, ನಿಂತ ಮಷಿನ್ ತಾನೇ ಅಂದುಕೊಂಡು. ಅವನು ಕೈ ತೆಗೆದು ಬ್ರಷ್ ಹುಡುಕಲು ತಿರುಗಿದ್ದಷ್ಟೇ, ಕರೆಂಟ್ ಬಂದು ಉರುಳೆ ಗುಯ್ ಅಂತ ಶುರುವಾಯಿತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುವಾರವೇ ನೋ-ವೋಲ್ಟ್ ಸ್ವಿಚ್ ಹಾಕಿಸಿದೆವು. ಕರೆಂಟ್ ಹೋದರೆ ಅದು ತಾನೇ ಆಫ್ ಆಗುತ್ತದೆ, ಮತ್ತೆ ಬಟನ್ ಒತ್ತುವ ತನಕ ಮಷಿನ್ ಏಳುವುದಿಲ್ಲ. ನಿಮ್ಮ ಶೆಡ್ಡಿನಲ್ಲಿ ಸಾದಾ ಸ್ವಿಚ್ ಇದ್ದರೆ ದಯವಿಟ್ಟು ಬದಲಿಸಿ. ಆದರೂ ಬ್ಲೇಡಿನ ಹತ್ತಿರ ಕೈ ಹಾಕುವ ಮುಂಚೆ ಪ್ಲಗ್ ಕಿತ್ತು ಕಣ್ಣೆದುರಿಗೇ ಇಟ್ಟುಕೊಳ್ಳಬೇಕು. ಆಫ್ ಮಾಡಿದ ಮೇಲೂ ಉರುಳೆ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ, ಅದೂ ನೆನಪಿರಲಿ.

ಪಾಲಿನ ಮಷಿನ್‌ನ ತೊಂದರೆ ಏನಂದರೆ, ಹಿಂದಿನವನು ಅದನ್ನು ಹೇಗೆ ಬಿಟ್ಟು ಹೋದ ಅಂತ ನಿಮಗೆ ಗೊತ್ತಿರುವುದಿಲ್ಲ. ಅವನು 3 ಮಿ.ಮೀ. ಆಳಕ್ಕೆ ಇಟ್ಟು ಹೋಗಿರುತ್ತಾನೆ, ನೀವು 1 ಮಿ.ಮೀ. ಅಂದುಕೊಂಡು ಅಗಲದ ಹಲಗೆ ತಳ್ಳುತ್ತೀರಿ, ಅದು ಒದ್ದು ಹಿಂದಕ್ಕೆ ಬರುತ್ತದೆ, ಕೈ ಮಾತ್ರ ಮುಂದಕ್ಕೇ ಹೋಗುತ್ತದೆ. ಆನ್ ಮಾಡುವ ಮುಂಚೆ ಆಳ ನೋಡಿ, ಫೆನ್ಸ್, ಅಂದರೆ ಹಲಗೆ ಒರಗಿಸಿ ತಳ್ಳುವ ಪಕ್ಕದ ಪಟ್ಟಿ, ಅಲುಗಾಡಿಸಿ ನೋಡಿ, ಗಾರ್ಡ್ ತಾನಾಗಿ ವಾಪಸ್ ಬಂದು ಬ್ಲೇಡ್ ಮುಚ್ಚುತ್ತದಾ ಅಂತ ನೋಡಿ. ಅಡ್ಡ ಬರುತ್ತದೆ ಅಂತ ಗಾರ್ಡ್ ಬಿಚ್ಚಿಡುವವರ ಜೊತೆ ನಾನು ಪಾಲು ಮಾಡುವುದಿಲ್ಲ.

ನಮ್ಮಲ್ಲಿ ಹಳೆ ಮನೆ ಕೆಡವಿದಾಗ ಬರುವ ಜಂತಿ, ತೊಲೆಗಳೇ ಜಾಸ್ತಿ. ಒಳ್ಳೆ ಸಾಗುವಾನಿ, ಆದರೆ ಒಳಗೆ ಮೊಳೆ ಮುರಿದು ಕೂತಿರುತ್ತದೆ. ಒಂದು ಮ್ಯಾಗ್ನೆಟ್ ಕಟ್ಟಿಗೆ ಮೇಲೆ ಆಡಿಸಿ ನೋಡಿದರೂ ಬಹಳಷ್ಟು ಸಿಕ್ಕಿಬೀಳುತ್ತವೆ. ತಗ್ಗಾದ ಮುಖ ಕೆಳಗೆ ಬರಲಿ, ಆಗ ಹಲಗೆ ಓಲಾಡುವುದಿಲ್ಲ. ಒಂದು ಅಡಿಗಿಂತ ಗಿಡ್ಡ ತುಂಡು ಬೇಡವೇ ಬೇಡ, ಅದಕ್ಕೆ ಕೈ ರಂದಾ ಇದೆ. ಹಲಗೆ ಮೇಲೆ ಅಂಗೈ ನೇರ ಇಡಬೇಡಿ, ಹಲಗೆ ತಳ್ಳುವ ಹಿಡಿಕೆಯ ಪುಶ್ ಬ್ಲಾಕ್ ಹಿಡಿಯಿರಿ.

ಬಿಸಿಲಿಗೆ ಕೊರಳಲ್ಲಿ ಒದ್ದೆ ಟವೆಲ್ ಹಾಕಿಕೊಳ್ಳುವುದು ನಮ್ಮ ರೂಢಿ. ಈ ಮಷಿನ್ ಮುಂದೆ ಅದನ್ನು ತೆಗೆದಿಡಿ, ಕೈಗೆ ಕಟ್ಟಿದ ದಾರ ಬಿಗಿ ಮಾಡಿ, ಗ್ಲೌಸ್ ಹಾಕಬೇಡಿ. ಕೆಳಗೆ ಶಹಾಬಾದ್ ಫರಸಿ ಇದ್ದರೆ ಹೊಟ್ಟು ಬಿದ್ದಾಗ ಕಾಲು ಜಾರುತ್ತದೆ, ನಡುನಡುವೆ ಗುಡಿಸಿ.

ಈಗ ಶೆಡ್ಡಿಗೆ ಹೊಸಬರು ಬಂದರೆ ಮೊದಲು ಪ್ಲಗ್ ಕಿತ್ತು ಅವರ ಕೈಗೇ ಕೊಡುತ್ತೇವೆ. ನಿಂತ ಮಷಿನ್ ಮೇಲೆ ಹತ್ತು ಸಲ ಹಲಗೆ ತಳ್ಳಿಸುತ್ತೇವೆ. ಪಕ್ಕದಲ್ಲಿ ನಿಂತ ಹಿರಿಯ ಬಡಿಗೇರ ಕಾಕಾ ಹಲಗೆ ನೋಡುವುದಿಲ್ಲ, ಕೈ ನೋಡುತ್ತಾರೆ. ಬ್ಲೇಡಿನ ಮೇಲೆ ಬಂತೋ, "ತಮ್ಮಾ, ಮತ್ತ ಮೊದಲಿಂದ" ಅಂತಾರೆ.