“ಆ ದುಡ್ಡನ್ನ ಅವರಿಗೇ ಕೊಟ್ಟುಬಿಡಬಾರದಾ?”

ನನ್ನ ಕೆಲಸ ಏನು ಅಂತ ಹೇಳಿದ ಐದು ನಿಮಿಷಕ್ಕೆ ಈ ಪ್ರಶ್ನೆ ಬರುತ್ತದೆ. ಬೇರೆ ಬೇರೆ ದೇಶಗಳಲ್ಲಿ ಆಹಾರ ಭದ್ರತೆ, ಹಳ್ಳಿ ಜನರ ಜೀವನೋಪಾಯ ಇಂಥ ಯೋಜನೆಗಳಿಗೆ ಕನ್ಸಲ್ಟೆಂಟ್ ಆಗಿ ದುಡಿಯುತ್ತೇನೆ ಎನ್ನುತ್ತೇನೆ. ಎದುರಿಗಿರುವವರು ತಲೆಯಾಡಿಸುತ್ತಾರೆ. ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ತಡೆಯಲಾರದೆ ಕೇಳಿಯೇ ಬಿಡುತ್ತಾರೆ: “ನಿಮಗೆ ಕೊಡೋ ದುಡ್ಡನ್ನ ನೇರವಾಗಿ ಆ ಬಡವರ ಕೈಗೇ ಕೊಟ್ಟುಬಿಡಬಾರದಾ?”

ಮೊದಮೊದಲು ಬೇಜಾರಾಗುತ್ತಿತ್ತು. ಈಗ ಆಗುವುದಿಲ್ಲ. ಯಾಕೆಂದರೆ ಎಷ್ಟೋ ಸಲ ಇದಕ್ಕೆ ಸರಿಯಾದ ಉತ್ತರ “ಹೌದು, ಕೊಡಬಹುದು” ಅನ್ನುವುದೇ.

ಕೊಟ್ಟು ನೋಡಿದ್ದಾರೆ ಕೂಡ. ಪಶ್ಚಿಮ ಕೆನ್ಯಾದಲ್ಲಿ ಗಿವ್‌ಡೈರೆಕ್ಟ್‌ಲಿ ಎಂಬ ಸಂಸ್ಥೆ 10,500ಕ್ಕೂ ಹೆಚ್ಚು ಬಡ ಕುಟುಂಬಗಳಿಗೆ ತಲಾ ಸುಮಾರು 1,000 ಡಾಲರ್ ಕೊಟ್ಟಿತು. ಷರತ್ತಿಲ್ಲ, ತರಬೇತಿ ಇಲ್ಲ, ಸಭೆ ಇಲ್ಲ. ಅರ್ಥಶಾಸ್ತ್ರಜ್ಞರು 653 ಹಳ್ಳಿಗಳಲ್ಲಿ ಅದರ ಪರಿಣಾಮ ಅಳೆದರು. ಹಣ ಸಿಕ್ಕವರ ಸ್ಥಿತಿ ಸುಧಾರಿಸಿತು, ಅದು ಎಲ್ಲರೂ ಎಣಿಸಿದ್ದೇ. ಸಿಗದ ಪಕ್ಕದ ಮನೆಯವರ ಸ್ಥಿತಿಯೂ ಸುಧಾರಿಸಿತು. ಹಣ ಸಿಕ್ಕವರು ಅಂಗಡಿಗೆ ಹೋದರು, ಮನೆ ರಿಪೇರಿಗೆ ಜನ ಕರೆದರು, ದುಡ್ಡು ಕೈಯಿಂದ ಕೈಗೆ ಓಡಿತು. ಕೊಟ್ಟ ಒಂದೊಂದು ಡಾಲರಿಗೆ ಸ್ಥಳೀಯ ವಹಿವಾಟು ಎರಡೂವರೆ ಡಾಲರಿನಷ್ಟು ಬೆಳೆಯಿತು ಎಂದು ಲೆಕ್ಕ ಹಾಕಿದರು. ಬೆಲೆಗಳು ಮಾತ್ರ ಏರಲೇ ಇಲ್ಲ ಎನ್ನುವಷ್ಟು ಕಡಿಮೆ ಏರಿದವು. “ಕುಡಿದು ಹಾಳು ಮಾಡ್ತಾರೆ” ಅಂತ ಹೇಳುವವರಿಗೂ ಉತ್ತರವಿದೆ. ವಿಶ್ವಬ್ಯಾಂಕಿನ ಇಬ್ಬರು ಸಂಶೋಧಕರು 2014ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ನಗದು ಸಿಕ್ಕಿದ್ದರಿಂದ ಹೆಂಡ, ಹೊಗೆಸೊಪ್ಪಿನ ಖರ್ಚು ಜಾಸ್ತಿ ಆಗಿರಲಿಲ್ಲ.

ಹಾಗಾಗಿ ಈಗ ಯಾವುದೇ ಯೋಜನೆಯ ಕಾಗದ ಕೈಗೆ ಬಂದರೂ ನಾನು ಮೊದಲು ಇದನ್ನೇ ಕೇಳಿಕೊಳ್ಳುತ್ತೇನೆ. ಇಷ್ಟೇ ದುಡ್ಡನ್ನು ಇಷ್ಟು ಮನೆಗಳಿಗೆ ಹಂಚಿದ್ದರೆ ಇದಕ್ಕಿಂತ ಕಡಿಮೆ ಒಳ್ಳೆಯದಾಗುತ್ತಿತ್ತಾ? ಕೋಳಿಮರಿ ಹಂಚುವ ಯೋಜನೆಗಳು ಈ ಪ್ರಶ್ನೆಗೆ ಬಹಳ ಸಲ ಸೋಲುತ್ತವೆ. ತರಬೇತಿ ಶಿಬಿರಗಳಂತೂ ಇನ್ನೂ ಜಾಸ್ತಿ.

ಆದರೆ ಒಂದು ಮನೆಯ ಕೈಲಿ ಎಷ್ಟೇ ಹಣವಿದ್ದರೂ ಕೊಳ್ಳಲಾಗದ ಕೆಲವು ವಸ್ತುಗಳಿವೆ. ಉದಾಹರಣೆಗೆ, ಪಕ್ಕದ ಮನೆಯ ದನಕ್ಕೆ ರೋಗ ಬರದೇ ಇರುವುದು.

ರಿಂಡರ್‌ಪೆಸ್ಟ್ ಗೊತ್ತಲ್ಲ, ನಮ್ಮಲ್ಲಿ ಹಿಂದಿನವರು ದೊಡ್ಡರೋಗ ಅನ್ನುತ್ತಿದ್ದುದು. 1890ರ ಆಸುಪಾಸಿನಲ್ಲಿ ಅದು ಆಫ್ರಿಕಾದ ಪೂರ್ವ, ದಕ್ಷಿಣ ಭಾಗಗಳಿಗೆ ಹಬ್ಬಿ ದನಗಳನ್ನು ಗುಡಿಸಿ ಹಾಕಿತು. ಇಥಿಯೋಪಿಯಾದಲ್ಲಿ ಉಳಲು ಎತ್ತಿಲ್ಲದೆ ಭೀಕರ ಬರಗಾಲ ಬಂತು. ವಾಲ್ಟರ್ ಪ್ಲೋರೈಟ್ ಎಂಬ ಪಶುವೈದ್ಯ ವಿಜ್ಞಾನಿ ಕೆನ್ಯಾದಲ್ಲಿ ಕೆಲಸ ಮಾಡುತ್ತ ಒಳ್ಳೆಯ ಲಸಿಕೆ ಕಂಡುಹಿಡಿದರು. ಜೀವಪೂರ್ತಿ ರಕ್ಷಣೆ ಕೊಡುವ ಲಸಿಕೆ. ಆದರೂ ರೋಗ ಹೋಗಲಿಲ್ಲ. ಆ ಲಸಿಕೆಗೆ ತಂಪು ಬೇಕು. ಕೊನೆಗೆ ರೋಗ ಉಳಿದುಕೊಂಡಿದ್ದ ಜಾಗಗಳಲ್ಲೋ ರಸ್ತೆ ಇಲ್ಲ, ಕರೆಂಟ್ ಇಲ್ಲ, ಬಂದೂಕು ಮಾತ್ರ ಇತ್ತು. ಜೆಫ್ರಿ ಮ್ಯಾರಿನರ್ ಎಂಬ ಪಶುವೈದ್ಯ ಅದೇ ಲಸಿಕೆಯನ್ನು ಫ್ರಿಜ್ ಇಲ್ಲದೆ ಸುಮಾರು ಒಂದು ತಿಂಗಳು ಕೆಡದಂತೆ ಮಾಡಿದರು. ಆಮೇಲೆ ಬಂದದ್ದು ನನಗೆ ಬಹಳ ಇಷ್ಟವಾದ ಭಾಗ. ಲಸಿಕೆ ಹಾಕುವ ಕೆಲಸವನ್ನು ದನ ಕಾಯುವವರಿಗೇ ಕಲಿಸಿದರು. ಓದು ಬಾರದವರ ಕೈಗೆ ಸಿರಿಂಜ್ ಕೊಡುವುದಾ ಅಂತ ಕೆಲವು ಪಶುವೈದ್ಯರು ಗೊಣಗಿದರು. ಆದರೆ ಇಥಿಯೋಪಿಯಾದ ಅಫಾರ್ ಪ್ರದೇಶದಲ್ಲಿ, ದಕ್ಷಿಣ ಸುಡಾನಿನಲ್ಲಿ ಮಂದೆಯ ಹಿಂದೆ ನಡೆದು ಹೋಗಬಲ್ಲವರು ಅವರೇ. ಯಾವ ಮಂದೆಯಲ್ಲಿ ರೋಗ ಕಾಣಿಸಿದೆ ಅಂತ ಮೊದಲು ಗೊತ್ತಾಗುತ್ತಿದ್ದದ್ದೂ ಅವರಿಗೇ. 2011ರಲ್ಲಿ ಆ ರೋಗ ಭೂಮಿಯಿಂದಲೇ ಹೋಯಿತು ಅಂತ ಘೋಷಿಸಿದರು. ಮನುಷ್ಯ ಹೀಗೆ ಪೂರ್ತಿ ತೊಲಗಿಸಿದ ರೋಗ ಅದಕ್ಕೆ ಮೊದಲು ಸಿಡುಬು ಒಂದೇ.

ಇದನ್ನು ಮನೆಮನೆಗೆ ಹಣ ಹಂಚಿ ಮಾಡಲು ಆಗುತ್ತಿರಲಿಲ್ಲ. ಇಷ್ಟು ಹೇಳಿ ನಾನು ಗೆದ್ದೆ ಅಂತ ಕೂರಬಹುದಿತ್ತು. ಕಷ್ಟ ಏನೆಂದರೆ, ನಮ್ಮಂಥವರನ್ನು ಕರೆಸಿದ ಮಾತ್ರಕ್ಕೆ ಇಂಥದ್ದೇ ಆಗುತ್ತದೆ ಅಂತೇನಿಲ್ಲ. ಇದಕ್ಕೆ ಪೂರ್ತಿ ತದ್ವಿರುದ್ಧ ಕತೆಯೂ ಇದೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆಲ್ಲ ಅದನ್ನು ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಎರಡನೇ ಮಹಾಯುದ್ಧ ಮುಗಿದ ಹೊಸತು. ಬ್ರಿಟನ್ನಿನಲ್ಲಿ ಅಡುಗೆ ಎಣ್ಣೆಗೆ ಬರ. ಆಗ ಬ್ರಿಟಿಷರ ಕೈಲಿದ್ದ ಟಾಂಗಾನಿಕಾದಲ್ಲಿ, ಅಂದರೆ ಇವತ್ತಿನ ಟಾಂಜಾನಿಯಾದಲ್ಲಿ, ಲಕ್ಷಾಂತರ ಎಕರೆ ಕಡಲೆಕಾಯಿ ಬೆಳೆಯೋಣ ಅಂತ ಯಾರಿಗೋ ಹೊಳೆಯಿತು. 1946ರಲ್ಲಿ ಮೂವರ ತಂಡವನ್ನು ಕಳಿಸಿದರು. ಅವರು ಕೆಲವು ವಾರ ಸುತ್ತಾಡಿದರು, ಬಹಳಷ್ಟು ಜಾಗವನ್ನು ವಿಮಾನದಿಂದಲೇ ನೋಡಿದರು, ಆಗಬಹುದು ಅಂತ ವರದಿ ಬರೆದರು. ಅವರು ನಮ್ಮ ಕುಲದವರೇ, ಕನ್ಸಲ್ಟೆಂಟ್ ಎನ್ನುವ ಹೆಸರು ಇರಲಿಲ್ಲ ಅಷ್ಟೇ. 1947ರಲ್ಲಿ ಕೊಂಗ್ವಾ ಎಂಬಲ್ಲಿ ಕೆಲಸ ಶುರುವಾಯಿತು. ಅಲ್ಲಿನ ಕುರುಚಲು ಕಾಡಿನ ಬೇರುಗಳಿಗೆ ಟ್ರ್ಯಾಕ್ಟರುಗಳು ಸೋತವು. ಯುದ್ಧದಲ್ಲಿ ಉಳಿದ ಶೆರ್ಮನ್ ಟ್ಯಾಂಕುಗಳನ್ನೇ ಟ್ರ್ಯಾಕ್ಟರ್ ಮಾಡಿಕೊಂಡು ತಂದರು, ಅವೂ ಸೋತವು. ಮಳೆ ನೆಚ್ಚುವಂತಿರಲಿಲ್ಲ. ಜೇಡಿ ಮಣ್ಣು ಬಿಸಿಲಿಗೆ ಸುಟ್ಟ ಇಟ್ಟಿಗೆಯಂತೆ ಗಟ್ಟಿಯಾಗುತ್ತಿತ್ತು. ನೆಲದೊಳಗೆ ಕಾಯಿ ಬಿಡುವ ಬೆಳೆಗೆ ಅಂಥ ಮಣ್ಣು! ಕಾಯಿ ಕಟ್ಟಿದರೂ ಕೀಳುವುದು ಹೇಗೆ? 1951ರಲ್ಲಿ ಕೈಬಿಟ್ಟರು. ಸುಮಾರು 3.6 ಕೋಟಿ ಪೌಂಡ್ ಮಣ್ಣುಪಾಲು.

ಮಣ್ಣು ಒಣಗಿದರೆ ಏನಾಗುತ್ತದೆ ಅಂತ ಅಲ್ಲಿ ಬದುಕುವ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಪರೀಕ್ಷಾ ಬೆಳೆ ಎರಡು ವರ್ಷ ಬೆಳೆದು ನೋಡಿದ್ದರೂ ತಿಳಿಯುತ್ತಿತ್ತು. ಆದರೆ ಲಂಡನ್ನಿನಲ್ಲಿ ಎಣ್ಣೆ ಬೇಗ ಬೇಕಿತ್ತು. ಹಣ ಕೊಡುವವರಿಗೆ ಆತುರವಿದ್ದರೆ ವರದಿ ಬರೆಯುವವರಿಗೂ ಆತುರ ಬರುತ್ತದೆ. ಇದು ನನ್ನ ಅನುಭವ ಕೂಡ.

ಅದನ್ನು ಹೇಳುವ ಮೊದಲು, ನನ್ನ ದಿನದ ಕೆಲಸ ಏನು ಅಂತ ಸ್ವಲ್ಪ ಹೇಳಬೇಕು. ಮೊದಲು ಟರ್ಮ್ಸ್ ಆಫ್ ರೆಫರೆನ್ಸ್ ಎಂಬ ಕಾಗದ ಬರುತ್ತದೆ. ಏನು ಮಾಡಬೇಕು, ಎಷ್ಟು ದಿನದಲ್ಲಿ, ದಿನಕ್ಕೆ ಎಷ್ಟು. ಹೌದು, ನಮ್ಮದೂ ದಿನಗೂಲಿಯೇ, ಕೂಲಿ ಮಾತ್ರ ದೊಡ್ಡದು. ಆಮೇಲೆ ಹಳೇ ವರದಿಗಳನ್ನು ಓದುವುದು, ಫೀಲ್ಡಿಗೆ ಹೋಗುವುದು, ಡ್ರಾಫ್ಟ್ ಬರೆಯುವುದು, ಡ್ರಾಫ್ಟಿಗೆ ಬಂದ ನೂರಾರು ಕಾಮೆಂಟುಗಳಿಗೆ ಉತ್ತರ ಕೊಡುವುದು. ಕೊನೆಯದಕ್ಕೇ ಹೆಚ್ಚು ಹೊತ್ತು ಹೋಗುತ್ತದೆ ಅಂದರೆ ನಂಬುತ್ತೀರಾ?

ಫೀಲ್ಡಿನಲ್ಲಿ ಹಸಿವನ್ನು ಅಳೆಯಲು ಹಲವು ಉಪಾಯಗಳಿವೆ. ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದವರು ಬಳಸುವ ಫುಡ್ ಕನ್ಸಂಪ್ಷನ್ ಸ್ಕೋರ್ ಅವುಗಳಲ್ಲಿ ಒಂದು. ಕಳೆದ 7 ದಿನದಲ್ಲಿ ಮನೆಯವರು ಯಾವ್ಯಾವ ಬಗೆಯ ಆಹಾರವನ್ನು ಎಷ್ಟು ದಿನ ತಿಂದರು ಅಂತ ಕೇಳುತ್ತೇವೆ. ಮಾಂಸ, ಮೀನು, ಹಾಲಿಗೆ ದಿನಕ್ಕೆ 4 ಅಂಕ. ಬೇಳೆಕಾಳಿಗೆ 3, ಧಾನ್ಯ ಗೆಡ್ಡೆಗಳಿಗೆ 2, ತರಕಾರಿಗೆ 1, ಹಣ್ಣಿಗೆ 1, ಎಣ್ಣೆಗೆ ಅರ್ಧ, ಸಕ್ಕರೆಗೆ ಅರ್ಧ. ಕೂಡಿದಾಗ ಸಾಮಾನ್ಯವಾಗಿ 21ಕ್ಕಿಂತ ಹೆಚ್ಚು ಬಾರದಿದ್ದರೆ ಆ ಮನೆಯ ಊಟ ತೀರಾ ಕೆಟ್ಟ ಸ್ಥಿತಿಯಲ್ಲಿದೆ ಎಂದು ಅರ್ಥ. 35 ದಾಟಿದರೆ ಪರವಾಗಿಲ್ಲ. ಕೇಳಲು ಸುಲಭ, ಎಡವಲು ಇನ್ನೂ ಸುಲಭ. ಚಹಾಕ್ಕೆ ಹಾಕಿದ ಒಂದು ಚಮಚ ಹಾಲನ್ನು ಹೊಸ ಹುಡುಗರು “ಹಾಲು” ಅಂತ ಬರೆದುಬಿಡುತ್ತಾರೆ. ವಾರಕ್ಕೆ 28 ಅಂಕ ಬಂತು! ಹಸಿದ ಮನೆ ಒಂದೇ ಗೀಟಿಗೆ ಹೊಟ್ಟೆ ತುಂಬಿದ ಮನೆಯಾಯಿತು. ಹಾಗೆ ಬರೆಯಬಾರದು ಅಂತ ನಿಯಮವಿದೆ. ಸಂಜೆ ಫಾರಂಗಳನ್ನು ಒಂದೊಂದಾಗಿ ತಿರುವಿ ಹಾಕುವುದು ಇದಕ್ಕೇ.

ಇದಕ್ಕಿಂತ ದೊಡ್ಡ ಮೋಸ ತಿಂಗಳಿನದ್ದು. ಮಳೆಯನ್ನೇ ನಂಬಿದ ಬೇಸಾಯದ ಊರುಗಳಲ್ಲಿ ಹಸಿವು ವರ್ಷವಿಡೀ ಒಂದೇ ಥರ ಇರುವುದಿಲ್ಲ. ಸುಗ್ಗಿಗೆ ಮುಂಚಿನ ಎರಡು ಮೂರು ತಿಂಗಳು ಕಣಜ ಖಾಲಿ, ಹೊಲದಲ್ಲಿ ಕೆಲಸ ಜಾಸ್ತಿ, ಕಾಯಿಲೆಯೂ ಆಗಲೇ. ಆ ತಿಂಗಳುಗಳಲ್ಲಿ ರಸ್ತೆಗಳು ಕೆಸರಾಗಿರುವುದರಿಂದ ಹೊರಗಿನವರು ಹೋಗುವುದು ಕಡಿಮೆ. ರಾಬರ್ಟ್ ಚೇಂಬರ್ಸ್ ಎಂಬ ಬ್ರಿಟಿಷ್ ವಿದ್ವಾಂಸರು ಇದನ್ನು ನಾಲ್ಕು ದಶಕಗಳ ಹಿಂದೆಯೇ ಬಿಡಿಸಿ ಹೇಳಿದ್ದರು. ಪಟ್ಟಣದಿಂದ ಬರುವವರು ಡಾಂಬರು ರಸ್ತೆಯ ಪಕ್ಕದ ಊರನ್ನು ನೋಡುತ್ತಾರೆ, ಒಣ ತಿಂಗಳಲ್ಲಿ ಬರುತ್ತಾರೆ, ಮಾತಾಡಲು ಮುಂದೆ ಬರುವ ಗಂಡಸರ ಜೊತೆ ಮಾತಾಡುತ್ತಾರೆ, ಹಾಗಾಗಿ ಕಡುಬಡವರು ಅವರ ಕಣ್ಣಿಗೇ ಬೀಳುವುದಿಲ್ಲ ಎಂದು.

ನಾನು ಅವರ ಮಾತನ್ನು ಓದಿದ್ದೆ, ಪಾಠ ಕೂಡ ಹೇಳಿದ್ದೆ. ಆದರೂ ಒಂದು ಯೋಜನೆಯಲ್ಲಿ ಸಿಕ್ಕಿಹಾಕಿಕೊಂಡೆ. ಯಾವ ದೇಶ, ಯಾವ ಸಂಸ್ಥೆ ಅಂತ ಬೇಡ. ಯೋಜನೆ ಶುರುವಾಗುವ ಮುಂಚಿನ ಬೇಸ್‌ಲೈನ್ ಸರ್ವೆಯನ್ನು ಇನ್ನೊಬ್ಬರು ಹಸಿವಿನ ತಿಂಗಳಲ್ಲಿ ಮಾಡಿದ್ದರು. ಯೋಜನೆ ಮುಗಿದ ಮೇಲಿನ ಸರ್ವೆ ನನ್ನದು. ಕೊಟ್ಟ ದಿನಾಂಕ ಸುಗ್ಗಿ ಮುಗಿದ ಆರು ವಾರಕ್ಕೆ. ಫಲಿತಾಂಶ ನೋಡಬೇಕಿತ್ತು! ಅಂಕಗಳು ಜಿಗಿದಿದ್ದವು. ಯೋಜನೆಯಿಂದ ಜಿಗಿದವೋ, ಸುಗ್ಗಿಯಿಂದ ಜಿಗಿದವೋ ಹೇಳಲು ದಾರಿಯೇ ಇರಲಿಲ್ಲ. ಒಬ್ಬ ಹೆಂಗಸು ಫಾರಂ ತುಂಬುವಾಗಲೇ ನಗುತ್ತಾ ಹೇಳಿದ್ದರು: “ಕಣಜ ತುಂಬಿದಾಗ ಬಂದು ಹಸಿವಿನ ಲೆಕ್ಕ ಕೇಳ್ತೀರಲ್ಲ.”

ನಾನು ಅದನ್ನು ವರದಿಯ ಮೊದಲ ಪುಟದಲ್ಲೇ ಬರೆದೆ. ಕಾಮೆಂಟ್ ಬಂತು: “ಇದು ತಾಂತ್ರಿಕ ವಿಚಾರ, ಅನುಬಂಧಕ್ಕೆ ಹಾಕೋಣ.” ನಾನು ಎರಡು ಸಲ ವಾದ ಮಾಡಿದೆ. ಮೂರನೇ ಸಲ ಒಪ್ಪಿಕೊಂಡೆ. ಕೊನೆಯ ಕಂತು ವರದಿ ಒಪ್ಪಿದ ಮೇಲೆಯೇ ಬರುವುದು, ಅಲ್ವಾ. ಆಮೇಲೆ ಬಣ್ಣದ ಕಾಗದದಲ್ಲಿ ಎರಡು ಪುಟದ ಸಾರಾಂಶ ಅಚ್ಚಾಯಿತು. ಅದರಲ್ಲಿ ಎರಡು ಕಂಬದ ಚಿತ್ರವಿತ್ತು, ಒಂದು ಗಿಡ್ಡ, ಒಂದು ಎತ್ತರ. ಅನುಬಂಧ ಇರಲಿಲ್ಲ.

ಆ ದುಡ್ಡನ್ನು ಅವರಿಗೇ ಕೊಡಬಹುದಿತ್ತು. ಈ ಒಂದು ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ನಾನು ವಾದ ಮಾಡುವುದಿಲ್ಲ.

ಲೆಕ್ಕ ಸರಿಯಾಗಿದ್ದೂ ಪ್ರಯೋಜನವಾಗದ ಸಂದರ್ಭ ಇನ್ನೊಂದು ಥರ. ಸೊಮಾಲಿಯಾದಲ್ಲಿ 2010ರಿಂದಲೇ ಮುನ್ನೆಚ್ಚರಿಕೆಗಳು ಬರುತ್ತಿದ್ದವು. ಮಳೆ ಕೈಕೊಡುತ್ತಿದೆ, ಧಾನ್ಯದ ಬೆಲೆ ಏರುತ್ತಿದೆ, ದನ ಸಾಯುತ್ತಿವೆ ಅಂತ. ಕ್ಷಾಮ ಎಂದು ಘೋಷಿಸಲು ಕಟ್ಟುನಿಟ್ಟಾದ ಅಳತೆ ಇದೆ. ನೂರರಲ್ಲಿ 20 ಮನೆಗಳಿಗೆ ಊಟವೇ ಇಲ್ಲದ ಸ್ಥಿತಿ, ನೂರರಲ್ಲಿ 30ಕ್ಕಿಂತ ಹೆಚ್ಚು ಮಕ್ಕಳಿಗೆ ತೀವ್ರ ಅಪೌಷ್ಟಿಕತೆ, ದಿನಕ್ಕೆ 10,000 ಜನರಲ್ಲಿ 2 ಸಾವು. ಅಷ್ಟಾಗುವವರೆಗೆ ದೊಡ್ಡ ಹಣ ಬರಲಿಲ್ಲ. 2011ರ ಜುಲೈ 20ರಂದು ಘೋಷಣೆಯಾಯಿತು, ಹಣ ಹರಿಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಆ ಕ್ಷಾಮದಲ್ಲಿ ಸುಮಾರು 2,58,000 ಜನ ಸತ್ತರು, ಅವರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು ಎಂದು ಆಮೇಲೆ ಅಂದಾಜಿಸಿದರು. ಎಚ್ಚರಿಕೆ ಬರೆದವರ ತಪ್ಪು ಇದರಲ್ಲಿ ನನಗೆ ಕಾಣುವುದಿಲ್ಲ. ದೇಶದೊಳಗಿನ ಯುದ್ಧ, ನೆರವು ಬಂದೂಕು ಹಿಡಿದ ಗುಂಪುಗಳ ಕೈ ಸೇರಿದರೆ ಎನ್ನುವ ಭಯ, ರಾಜಕೀಯ ಎಲ್ಲ ಸೇರಿದ್ದವು. ಆದರೂ ಎಚ್ಚರಿಕೆಯನ್ನು ಓದಿದವರು ಕಾದರು.

ಹಾಗಾಗಿ ಯಾರಾದರೂ ಆ ಪ್ರಶ್ನೆ ಕೇಳಿದರೆ ನಾನು ಈಗ ತಿರುಗಿ ಕೇಳುತ್ತೇನೆ: ಯಾವ ದುಡ್ಡು? ಒಂದು ಮನೆ ತಾನೇ ಕೊಳ್ಳಬಹುದಾದ ವಸ್ತುವಿಗೆ ಇಟ್ಟ ದುಡ್ಡಾದರೆ ಕೊಟ್ಟುಬಿಡಿ, ನನ್ನನ್ನು ಕರೆಯಬೇಡಿ. ದನದ ಲಸಿಕೆ, ಮಳೆಯ ಮುನ್ಸೂಚನೆ, ಹೊಳೆಗೊಂದು ಸೇತುವೆ, ಇಂಥದ್ದಕ್ಕಾದರೆ ಯಾರಾದರೂ ಕೂತು ಲೆಕ್ಕ ಹಾಕಲೇಬೇಕು. ಆ ಯಾರಾದರೂ ನಾನೇ ಆಗಬೇಕಿಲ್ಲ. ಆ ದೇಶದಲ್ಲೇ ಹುಟ್ಟಿ ಬೆಳೆದ, ಆ ಭಾಷೆ ಬಲ್ಲ ಜನ ಬಹಳ ಕಡೆ ಇದ್ದಾರೆ. ಅವರಿಗೆ ಸಿಗುವ ದಿನಗೂಲಿ ನನ್ನದಕ್ಕಿಂತ ಎಷ್ಟೋ ಕಡಿಮೆ, ಫೀಲ್ಡಿನ ಕೆಲಸ ಮಾತ್ರ ನನಗಿಂತ ಜಾಸ್ತಿ. ಅವರನ್ನು ಬಿಟ್ಟು ನಿಮ್ಮನ್ನೇಕೆ ಕರೆಯಬೇಕು ಅಂತ ಯಾರೂ ನನಗೆ ಕೇಳುವುದಿಲ್ಲ. ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ಆ ಎರಡು ಕಂಬದ ಚಿತ್ರದ ನಂತರ ನಾನೊಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಟರ್ಮ್ಸ್ ಆಫ್ ರೆಫರೆನ್ಸ್ ಕೈಗೆ ಬಂದ ಕೂಡಲೇ ಕೂಲಿ ನೋಡುವ ಮೊದಲು ಸರ್ವೆ ಯಾವ ತಿಂಗಳು ಅಂತ ನೋಡುತ್ತೇನೆ. ಹಿಂದಿನ ಸರ್ವೆಗೆ ಹೊಂದದಿದ್ದರೆ ಬದಲಾಯಿಸಿ ಅಂತ ಪತ್ರ ಬರೆಯುತ್ತೇನೆ. ನಾಲ್ಕು ಸಲ ಬದಲಾಯಿಸಿದ್ದಾರೆ. ಬಜೆಟ್ ವರ್ಷ ಮುಗಿಯುತ್ತದೆ, ಆಗುವುದಿಲ್ಲ ಎಂದಾಗ ಎರಡು ಸಲ ಕೆಲಸ ಬಿಟ್ಟಿದ್ದೇನೆ. ಒಂದು ಸಲ ಬಿಡಲಿಲ್ಲ. ಆ ವರ್ಷ ಬೇರೆ ಕೆಲಸವಿರಲಿಲ್ಲ.