ಫೋರ್ಡ್ 8ಎನ್: ಎಳೆತಕ್ಕೆ ಬಿದ್ದಾಗ ಎರಡು ಸಿಲಿಂಡರ್ ಮಿಸ್

ಬ್ರೇಕ್ ಕೆಲಸ ಮುಗಿಯಿತು, ಈಗ ಎಂಜಿನ್ನಿನ ಸರದಿ. ಗಾಡಿ 1949ರ ಫೋರ್ಡ್ 8ಎನ್ ಟ್ರ್ಯಾಕ್ಟರ್. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, 6 ವೋಲ್ಟ್ ಬ್ಯಾಟರಿ. ಸರದಿಯಂತೆ ಒಂದೊಂದು ಸಿಲಿಂಡರಿಗೆ ಕಿಡಿಯ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಇರುವುದು ಎಂಜಿನ್ನಿನ ಮೂತಿಯಲ್ಲಿ, ಫ್ಯಾನಿನ ಹಿಂದೆ.

ತೊಂದರೆ ಇದು. ನಿಂತಲ್ಲೇ ಓಡುವಾಗ ಸದ್ದು ನಯವಾಗಿರುತ್ತದೆ. ನೇಗಿಲು ನೆಲಕ್ಕಿಳಿದು ಎಳೆತ ಬಿದ್ದ ಕೂಡಲೇ ಮಿಸ್ ಹೊಡೆಯಲು ಶುರು, ಅಂದರೆ ಕೆಲವು ಸಿಲಿಂಡರ್ ಉರಿಯದೆ ತಪ್ಪುತ್ತವೆ. ಜೊತೆಗೆ ಕಾರ್ಬೊರೇಟರ್ ಕಡೆಯಿಂದ ಆಗಾಗ 'ಟಪ್' ಎಂಬ ಸದ್ದು.

ಆ ಸದ್ದು ಕೇಳಿದರೆ ಪೆಟ್ರೋಲ್ ಸಾಲುತ್ತಿಲ್ಲವೇನೋ ಅನ್ನಿಸುತ್ತದೆ. ಕಾರ್ಬೊರೇಟರ್ ತಳದ ಡ್ರೈನ್ ಪ್ಲಗ್ ಬಿಚ್ಚಿ ಡಬ್ಬಿ ಹಿಡಿದೆ. ಪೆಟ್ರೋಲ್ ತಡೆಯಿಲ್ಲದೆ ಸುರಿಯಿತು. ನೀರಿಲ್ಲ, ಕಸವಿಲ್ಲ.

ಮುಂದೆ, ಯಾವ ಸಿಲಿಂಡರ್ ಅಂತ ಹುಡುಕಬೇಕು. ನಿಂತಲ್ಲಿ ಓಡುವಾಗ ಒಂದೊಂದೇ ಪ್ಲಗ್ ವಯರ್ ಕಿತ್ತು ನೋಡುವ ಪದ್ಧತಿ ಇಲ್ಲಿ ನಡೆಯಲಿಲ್ಲ, ಯಾಕೆಂದರೆ ಆಗ ನಾಲ್ಕೂ ಕೆಲಸ ಮಾಡುತ್ತವೆ. ಅದಕ್ಕೆ ಉಳುಮೆಯ ಎಳೆತದಲ್ಲಿ ಮಿಸ್ ಹೊಡೆಯುತ್ತಿರುವಾಗಲೇ ಕ್ಲಚ್ ಒತ್ತಿ ಎಂಜಿನ್ ಆಫ್ ಮಾಡಿದೆ. ಪ್ಲಗ್ ಬಿಚ್ಚಿದಾಗ ಉತ್ತರ ಸಿಕ್ಕಿತು. 1 ಮತ್ತು 3ರ ಪ್ಲಗ್ ಕಂದು ಬಣ್ಣ, ಒಣಗಿದ್ದವು. 2 ಮತ್ತು 4ರದ್ದು ಕಪ್ಪಗೆ, ಒದ್ದೆ. ಪ್ಲಗ್‌ಗಳನ್ನು ಅದಲುಬದಲು ಮಾಡಿ ಮತ್ತೆ ಉತ್ತು ನೋಡಿದರೂ ತೊಂದರೆ 2 ಮತ್ತು 4 ಬಿಟ್ಟು ಹೋಗಲಿಲ್ಲ. ಅಲ್ಲಿಗೆ ಪ್ಲಗ್ ಕಾರಣವಲ್ಲ.

ನನಗೆ ಖುಷಿ ಕೊಟ್ಟ ಭಾಗ ಇಲ್ಲಿಂದ ಶುರು. ಹೆಡ್ ಗ್ಯಾಸ್ಕೆಟ್ (ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಎರಡು ಸಿಲಿಂಡರ್ ನಡುವೆ ಹೋಗಿದ್ದರೆ ಅಕ್ಕಪಕ್ಕದವು ಕೆಡಬೇಕು, ಅಂದರೆ 1-2, 2-3 ಅಥವಾ 3-4. ಕಿಡಿಯ ವೋಲ್ಟೇಜ್ ಹುಟ್ಟಿಸುವ ಕಂಡೆನ್ಸರ್, ಕಾಯಿಲ್ ನಾಲ್ಕಕ್ಕೂ ಒಂದೇ, ಅವು ಕೆಟ್ಟಿದ್ದರೆ ನಾಲ್ಕಕ್ಕೂ ತಟ್ಟಬೇಕು. ಬ್ಲಾಕಿನಲ್ಲಿ 2 ಮತ್ತು 4 ಅಕ್ಕಪಕ್ಕ ಇಲ್ಲ. ಆದರೆ ಈ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಕ್ರಮ, 1-2-4-3. ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ತುದಿಗಳು ಇದೇ ಕ್ರಮದಲ್ಲಿರುವುದರಿಂದ ಅಲ್ಲಿ 2 ಮತ್ತು 4 ನೆರೆಹೊರೆ!

ಡಿಸ್ಟ್ರಿಬ್ಯೂಟರನ್ನೇ ಬಿಚ್ಚಿ ಮೇಜಿನ ಮೇಲಿಟ್ಟೆ. ಎರಡೇ ಬೋಲ್ಟ್. ಎಂಜಿನ್ನಿಗೆ ಸಿಕ್ಕಿಕೊಳ್ಳುವ ತಳದ ನಾಲಗೆ ಮಧ್ಯದಲ್ಲಿಲ್ಲದೆ ಒಂದು ಬದಿಗೆ ಸರಿದಿರುವುದರಿಂದ ವಾಪಸ್ ಒಂದೇ ರೀತಿ ಕೂರುತ್ತದೆ, ಟೈಮಿಂಗ್ (ಕಿಡಿ ಹಾರುವ ಹೊತ್ತು) ತಪ್ಪುವ ಭಯವಿಲ್ಲ. ಎಂಥ ಒಳ್ಳೆಯ ಯೋಚನೆ, ಅಲ್ವಾ! ಕ್ಯಾಪಿನ ಒಳಗೆ ಟಾರ್ಚ್ ಹಾಕಿದರೆ 2 ಮತ್ತು 4ರ ಮಧ್ಯೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ. ಕಿಡಿ ಹರಿದು ಹರಿದು ಸುಟ್ಟ ದಾರಿ ಅದು. ಬಟ್ಟೆಯಿಂದ ಉಜ್ಜಿದರೂ ಹೋಗಲಿಲ್ಲ.

ಈ ಒಂದು ಗೆರೆ ಎಲ್ಲವನ್ನೂ ವಿವರಿಸುತ್ತದೆ. ಎಳೆತ ಬಿದ್ದಾಗ ಎಂಜಿನ್ ವೇಗ ಕಾಯುವ ಗವರ್ನರ್ ಥ್ರಾಟಲ್ ತೆರೆಯುತ್ತದೆ, ಸಿಲಿಂಡರಿನೊಳಗೆ ಒತ್ತಡ ಏರುತ್ತದೆ. ಒತ್ತಡ ಹೆಚ್ಚಿದಷ್ಟೂ ಪ್ಲಗ್‌ನಲ್ಲಿ ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕು. ಆಗ ಕರೆಂಟ್ ಸುಲಭದ ದಾರಿ ಹಿಡಿಯುತ್ತದೆ. 4ಕ್ಕೆ ಹೋಗಬೇಕಾದ ಕಿಡಿ 2ಕ್ಕೆ ಹೋದರೆ ಅಲ್ಲಿ ಉರಿದು ಮುಗಿದ ಹೊಗೆ ಮಾತ್ರ ಇರುತ್ತದೆ, ಸುಮ್ನೆ ವ್ಯರ್ಥ. 2ರದ್ದು 4ಕ್ಕೆ ಹೋದರೆ ಅಲ್ಲಿ ಪೆಟ್ರೋಲ್-ಗಾಳಿ ಇನ್ನೂ ಒಳಗೆ ಬರುತ್ತಿರುತ್ತದೆ, ಇನ್‌ಟೇಕ್ ವಾಲ್ವ್ ತೆರೆದೇ ಇರುತ್ತದೆ. ಅಲ್ಲಿ ಬೆಂಕಿ ಹತ್ತಿದರೆ ಅದು ಹಿಂದಕ್ಕೆ ಕಾರ್ಬೊರೇಟರ್ ಕಡೆಗೇ ಬರುತ್ತದೆ. 'ಟಪ್' ಸದ್ದು ಇದೇ.

ಹೊಸ ಕ್ಯಾಪ್, ಅದರೊಳಗೆ ತಿರುಗುವ ಹೊಸ ರೋಟರ್ ಹಾಕಿದೆ. ಪಾಯಿಂಟ್ ಗ್ಯಾಪ್, ಅಂದರೆ ಕಿಡಿಗಾಗಿ ಕರೆಂಟ್ ಕಡಿಯುವ ಪಾಯಿಂಟುಗಳ ನಡುವಿನ ಸಂದು, 0.015 ಇಂಚಿಗೆ ಇಟ್ಟೆ. ಅದೇ ನೇಗಿಲು, ಅದೇ ಆಳ. ಈ ಸಲ ಸದ್ದು ಒಂದೇ ಸಮನಾಗಿತ್ತು, ಕಾರ್ಬೊರೇಟರ್ ತೆಪ್ಪಗಿತ್ತು. ಪ್ಲಗ್ ಬಿಚ್ಚಿ ನೋಡಿದೆ: ನಾಲ್ಕೂ ಕಂದು ಬಣ್ಣ.

ಒಂದು ಕೆಲಸ ಬಾಕಿ ಇದೆ. ಸಂದು ಅಳೆಯುವ ಫೀಲರ್ ಗೇಜ್ ಇಟ್ಟಾಗ, ಪಾಯಿಂಟ್ ತೆರೆಯುವ ಕ್ಯಾಮಿನ ನಾಲ್ಕು ಮೂಲೆಗಳಲ್ಲಿ ಪಾಯಿಂಟ್ ಗ್ಯಾಪ್ ಒಂದೇ ಇರಲಿಲ್ಲ. ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಸ್ವಲ್ಪ ಆಟ ಇದೆ, ಬುಶ್ ಸವೆದಿದೆ. ಸದ್ಯ ಓಡುತ್ತದೆ. ಆದರೆ ಗ್ಯಾಪ್ ಬದಲಾದರೆ ಟೈಮಿಂಗ್ ಕೂಡ ಸಿಲಿಂಡರಿನಿಂದ ಸಿಲಿಂಡರಿಗೆ ಬದಲಾಗುತ್ತದೆ, ಅದನ್ನು ಹಾಗೇ ಬಿಡಲು ಮನಸ್ಸಿಲ್ಲ. ಮುಂದಿನ ಸಲ ಡಿಸ್ಟ್ರಿಬ್ಯೂಟರ್ ಮತ್ತೆ ಮೇಜಿಗೆ ಬರುತ್ತದೆ, ಬುಶ್ ಬದಲಾಯಿಸುತ್ತೇನೆ.