ಪ್ರಾಗ್‌ಗೆ ಹೋಗುವವರು ಯಹೂದಿ ಕೇರಿಗೆ ಅರ್ಧ ದಿನ ಇಟ್ಟುಕೊಳ್ಳಿ

ವಿಯೆನ್ನಾದಿಂದ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ ಕೂತರೆ ಜೆಕ್ ಗಣರಾಜ್ಯದ ರಾಜಧಾನಿ ಪ್ರಾಗ್ ಬರುತ್ತದೆ. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾ ಇದ್ದರೆ ಸಾಕು. ಎಷ್ಟೋ ಪ್ಯಾಕೇಜ್ ಟೂರ್‌ಗಳು ಈ ಊರನ್ನು ಒಂದೇ ದಿನದಲ್ಲಿ ಮುಗಿಸುತ್ತವೆ: ಗಡಿಯಾರ, ಸೇತುವೆ, ಕೋಟೆ, ಮತ್ತೆ ಬಸ್ಸು. ಹಾಗೆ ಮಾಡಬೇಡಿ. ಮೂರು ದಿನವಾದರೂ ಇರಿ.

ಹಳೇ ಪೇಟೆಯ ಚೌಕದ ಖಗೋಳ ಗಡಿಯಾರ 1410ರದು. ಗಂಟೆ ಹೊಡೆದಾಗ ಕಿಟಕಿಯಲ್ಲಿ ಏಸುವಿನ ಶಿಷ್ಯರ ಬೊಂಬೆಗಳು ಸುತ್ತಿಬರುವುದನ್ನು ನೋಡಲು ಜನ ಕಿಕ್ಕಿರಿದಿರುತ್ತಾರೆ. ನಿಮಿಷದೊಳಗೆ ಅದು ಮುಗಿದುಹೋಗುತ್ತದೆ. ಜೇಬುಗಳ್ಳರಿಗೂ ಅದೇ ಸುಗ್ಗಿ. ನೀವು ಎರಡು ಗಂಟೆ ಹೊಡೆತಗಳ ನಡುವಿನ ಹೊತ್ತಿನಲ್ಲಿ ಹೋಗಿ, ಗಡಿಯಾರದ ಮುಖವನ್ನೇ ನಿಧಾನವಾಗಿ ನೋಡಿ. ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರನ ಕಲೆ ಎಷ್ಟು ಎಂಬುದೆಲ್ಲ ಅದರಲ್ಲಿದೆ. ಅದು ಸಾಯನ ರಾಶಿ (ನಕ್ಷತ್ರಗಳಿಂದಲ್ಲ, ವಿಷುವದಿಂದ ಎಣಿಸುವುದು), ಹಾಗಾಗಿ ನಮ್ಮ ಪಂಚಾಂಗಕ್ಕೆ ತಾಳೆಯಾಗದು.

ಚಾರ್ಲ್ಸ್ ಸೇತುವೆಗೆ ಬೆಳಕು ಹರಿಯುವ ಮುಂಚೆಯೇ ಹೋಗಿ. ದೊರೆ ನಾಲ್ಕನೇ ಚಾರ್ಲ್ಸ್ 1357ರಲ್ಲಿ ಅಡಿಗಲ್ಲು ಹಾಕಿದ ಈ ಸೇತುವೆಯೇ 1841ರವರೆಗೂ ಪ್ರಾಗ್‌ನಲ್ಲಿ ವಲ್ತಾವಾ ನದಿ ದಾಟಲು ಇದ್ದ ಒಂದೇ ಸೇತುವೆ. ಹತ್ತು ಗಂಟೆಯ ಮೇಲೆ ಇದರ ಮೇಲೆ ನಿಲ್ಲಲೂ ಜಾಗವಿರುವುದಿಲ್ಲ.

ಕೋಟೆಗೆ ಕೆಳಗಿನಿಂದ ಮೆಟ್ಟಿಲು ಹತ್ತಿ ಸುಸ್ತಾಗಬೇಡಿ. 22ನೇ ನಂಬರಿನ ಟ್ರಾಮ್ ಹಿಂಬದಿಗೆ ಬಿಡುತ್ತದೆ, ನೋಡಿ ಮುಗಿಸಿ ಇಳಿಜಾರಿನಲ್ಲಿ ಬರಬಹುದು. ಅಂಗಳಕ್ಕೆ ಟಿಕೆಟ್ ಬೇಡ, ಒಳಗಿನ ಕಟ್ಟಡಗಳಿಗೆ ಬೇಕು. ಕೋಟೆಯೊಳಗಿನ ದೊಡ್ಡ ಚರ್ಚು ಸೇಂಟ್ ವಿಟಸ್ ಕೆಥೆಡ್ರಲ್‌ನ ಕೆಲಸ 1344ರಲ್ಲಿ ಶುರುವಾಗಿ 1929ರಲ್ಲಿ ಪೂರ್ಣಗೊಂಡಿತು. ಭಾನುವಾರ ಬೆಳಿಗ್ಗೆ ಅಲ್ಲಿ ಪ್ರಾರ್ಥನೆ ಇರುವುದರಿಂದ ಪ್ರವಾಸಿಗರನ್ನು ಬಿಡುವುದಿಲ್ಲ.

ಇನ್ನು ಯೋಸೆಫೋವ್, ಹಳೆಯ ಯಹೂದಿ ಕೇರಿ. ಶನಿವಾರ ಅವರ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ. ಪಿಂಕಾಸ್ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ), ಹಳೆಯ ಸ್ಮಶಾನ ಸೇರಿದ ಯಹೂದಿ ಮ್ಯೂಸಿಯಂ ಅಂದು ಮುಚ್ಚಿರುತ್ತದೆ, ಯಹೂದಿ ಹಬ್ಬಗಳಂದೂ ಅಷ್ಟೆ. ಮೊದಲು ಪಿಂಕಾಸ್ ಸಿನಗಾಗ್‌ಗೆ ಹೋಗಿ. ನಾಜಿಗಳ ಕೈಯಲ್ಲಿ ಸತ್ತ ಬೊಹೀಮಿಯಾ, ಮೊರಾವಿಯಾ ಎಂಬ ಜೆಕ್ ಪ್ರಾಂತ್ಯಗಳ ಸುಮಾರು 80,000 ಯಹೂದಿಗಳ ಹೆಸರನ್ನು ಅಲ್ಲಿನ ಗೋಡೆಗಳ ಮೇಲೆ ಕೈಯಿಂದಲೇ ಬರೆದಿದ್ದಾರೆ. ಒಂದೇ ಮನೆತನದ ಹೆಸರುಗಳು ಸಾಲಾಗಿ ಬರುತ್ತವೆ. ಮಹಡಿಯ ಮೇಲೆ ನಾಜಿಗಳ ತೆರೆಜಿನ್ ಬಂಧನ ಶಿಬಿರದಲ್ಲಿದ್ದ ಯಹೂದಿ ಮಕ್ಕಳು 1942ರಿಂದ 1944ರ ನಡುವೆ ಬಿಡಿಸಿದ ಚಿತ್ರಗಳಿವೆ: ಮನೆ, ಹೂವು, ಚಿಟ್ಟೆ. ಆ ಮಕ್ಕಳಲ್ಲಿ ಬಹುಪಾಲು ಉಳಿಯಲಿಲ್ಲ. ಇಲ್ಲಿ ಗಡಿಬಿಡಿ ಮಾಡುವ ಗೈಡ್ ಜೊತೆ ಹೋಗಬೇಡಿ, ಒಬ್ಬರೇ ಓದುತ್ತಾ ನಡೆಯಿರಿ.

ಪಕ್ಕದಲ್ಲೇ ಹಳೆಯ ಸ್ಮಶಾನ. ಹದಿನೈದನೇ ಶತಮಾನದಿಂದ 1787ರವರೆಗೆ ಇಲ್ಲಿ ಹೂಳುತ್ತಿದ್ದರು. ಹೊಸ ಜಾಗ ಸಿಗದೆ ಮಣ್ಣು ತುಂಬಿ ಪದರದ ಮೇಲೆ ಪದರವಾಗಿ ಹೂತರು, ಅದಕ್ಕೇ ಸುಮಾರು 12,000 ಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿವೆ. 1609ರಲ್ಲಿ ತೀರಿಕೊಂಡ ಯಹೂದಿ ಧರ್ಮಗುರು ರಬ್ಬಿ ಲೋವ್ ಅವರ ಸಮಾಧಿಯ ಮೇಲೆ ಬಂದವರು ಸಣ್ಣ ಕಲ್ಲುಗಳನ್ನಿಡುತ್ತಾರೆ. ಸಿನಗಾಗ್‌ಗಳಲ್ಲಿ ಗಂಡಸರು ತಲೆ ಮುಚ್ಚಿಕೊಳ್ಳಬೇಕು. ಒಂದು ಟೋಪಿ ಚೀಲದಲ್ಲಿರಲಿ.

ಇಲ್ಲಿ ನಡೆಯುವುದು ಯೂರೋ ಅಲ್ಲ, ಕೊರೂನಾ. ಬೀದಿಯಲ್ಲಿ ಹಣ ಬದಲಿಸುತ್ತೇವೆಂದು ಬಂದವರ ಹತ್ತಿರ ನಿಲ್ಲಲೇಬೇಡಿ. ಎಟಿಎಂ ನಿಮ್ಮ ಕರೆನ್ಸಿಯಲ್ಲೇ ಲೆಕ್ಕ ಹಾಕಲೇ ಎಂದು ಕೇಳಿದರೆ ಬೇಡವೆನ್ನಿ, ದರದಲ್ಲಿ ನಷ್ಟ. ಟ್ರಾಮ್‌ನ ಕಾಗದದ ಟಿಕೆಟ್ ಕೊಂಡರಷ್ಟೇ ಸಾಲದು, ಯಂತ್ರದಲ್ಲಿ ಮುದ್ರೆ ಹಾಕಿಸದಿದ್ದರೆ ದಂಡ. ಸಸ್ಯಾಹಾರಿಗಳು ಸೂಪ್ ತರಿಸುವ ಮುನ್ನ ಮಾಂಸದ ರಸ ಹಾಕಿದ್ದಾರೆಯೇ ಎಂದು ಕೇಳಿ. ಕರಿದ ಚೀಸ್ ಮತ್ತು ಆಲೂಗಡ್ಡೆ ಬಹುತೇಕ ಕಡೆ ಸಿಗುತ್ತದೆ.

ಒಂದು ಸಂಜೆ ಎಸ್ಟೇಟ್ಸ್ ಥಿಯೇಟರ್‌ಗೆ ಹೋಗಿ. ಮೊಜಾರ್ಟ್ 1787ರಲ್ಲಿ ತನ್ನ 'ಡಾನ್ ಜೊವಾನಿ' ಒಪೆರಾವನ್ನು (ಸಂಗೀತ ನಾಟಕ) ಮೊಟ್ಟಮೊದಲು ನಡೆಸಿಕೊಟ್ಟದ್ದು ಇದೇ ರಂಗದಲ್ಲಿ. ಟಿಕೆಟ್ಟನ್ನು ಬೀದಿಯಲ್ಲಿ ವೇಷ ತೊಟ್ಟು ಮಾರುವವರಿಂದಲ್ಲ, ಥಿಯೇಟರ್‌ನಿಂದಲೇ ಮುಂಚಿತವಾಗಿ ತೆಗೆದುಕೊಳ್ಳಿ.